ಒಂದೇ ಫೈಲಿನಲ್ಲಿ ಹೊಲದ ಕಾಗದಗಳು

“ಏನಪ್ಪಾ, ನೀನು ಕಳ್ಸಿರೋದ್ರಲ್ಲಿ ನಮ್ ಹಿಸ್ಸಾ ನಂಬರೇ ಬೇರೆ ಐತಲ್ಲ?”

ಬೆಳಗ್ಗೆ ಏಳಕ್ಕೇ ಬಂದ ಫೋನು. ಆ ಕಡೆ ಇದ್ದವರು ಚನ್ನರಾಯಪಟ್ಟಣ ಹೋಬಳಿಯ ರೈತರೊಬ್ಬರು. ಅವತ್ತೇ ಅವರ ಜಮೀನಿನ ವಿಚಾರಣೆ. ತಕರಾರು ಅರ್ಜಿ ಟೈಪ್ ಮಾಡಿಕೊಟ್ಟವರು ನಾವೇ. ಹಿಂದಿನ ರಾತ್ರಿ ಅವರು ಪ್ರತಿ ಕೇಳಿದಾಗ ನಾವು ವಾಟ್ಸಾಪಿನಲ್ಲಿ ಕಳಿಸಿದ್ದು ತಿದ್ದುವ ಮೊದಲಿನ ಕರಡು. ಮಗಳ ಕೈಲಿ ಓದಿಸಿದ್ದರಿಂದ ತಪ್ಪು ಸಿಕ್ಕಿತು.

ಲ್ಯಾಪ್‌ಟಾಪ್ ತೆರೆದು ನೋಡಿದರೆ ಒಂದೇ ಅರ್ಜಿ ನಾಲ್ಕು ಹೆಸರಲ್ಲಿತ್ತು: ‘ತಕರಾರು’, ‘ತಕರಾರು ಹೊಸದು’, ‘ಫೈನಲ್’, ‘ಫೈನಲ್ 2’. ಸರಿಯಾದದ್ದು ಹುಡುಕಿ ಕಳಿಸುವಷ್ಟರಲ್ಲಿ ಅವರು ಬಸ್ ಹತ್ತಿದ್ದರು. ಆ ನಾಚಿಕೆ ಇನ್ನೂ ಹೋಗಿಲ್ಲ.

ಇಲ್ಲಿನ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು 2022ರ ಏಪ್ರಿಲ್ 4ರಂದು ಧರಣಿ ಕೂತದ್ದು ನಿಮಗೆ ಗೊತ್ತೇ ಇದೆ. ಇಂಥ ಸ್ವಾಧೀನ ನಡೆಯುವುದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ಮೊದಲು 28(1)ರ ಅಧಿಸೂಚನೆ, ಆಮೇಲೆ ಮಾಲೀಕರಿಗೆ ನೋಟಿಸು, ತಕರಾರಿಗೆ 30 ದಿನ, ವಿಚಾರಣೆ, ಕೊನೆಗೆ 28(4)ರ ಅಂತಿಮ ಅಧಿಸೂಚನೆ. ಒಂದು ತುಂಡು ಹೊಲಕ್ಕೆ ಇಷ್ಟು ಕಾಗದ. ಪಹಣಿ, ಮ್ಯುಟೇಶನ್, ಸ್ವೀಕೃತಿ ಬೇರೆ. ಇವು ಒಂದಕ್ಕೊಂದು ತಾಳೆಯಾಗಬೇಕು. ಬೇರೆ ಬೇರೆ ಫೈಲುಗಳಲ್ಲಿದ್ದರೆ ತಾಳೆ ನೋಡುವುದು ಕಷ್ಟ.

ಹಾಗಾಗಿ ಈಗ ನಾವು ಒಂದು ಕುಟುಂಬಕ್ಕೆ ಒಂದೇ ವರ್ಡ್ ಫೈಲು ಮಾಡುತ್ತೇವೆ. ಪ್ರತಿ ಕಾಗದಕ್ಕೂ ತಾರೀಖಿನೊಂದಿಗೆ ಹೆಸರು ಬರೆದು ‘ಹೆಡಿಂಗ್ 1’ ಕೊಡುತ್ತೇವೆ. ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಮುಂದಿನ ಕಾಗದ ಹೊಸ ಪುಟದಿಂದ ಶುರುವಾಗುತ್ತದೆ. ‘ವ್ಯೂ’ದಲ್ಲಿ ನ್ಯಾವಿಗೇಶನ್ ಪೇನ್ ತೆರೆದರೆ ಎಲ್ಲ ಹೆಸರುಗಳೂ ಎಡಗಡೆ ಸಾಲಾಗಿ ಕಾಣುತ್ತವೆ, ಬೇಕಾದ್ದನ್ನು ಒತ್ತಿದರೆ ಅಲ್ಲಿಗೇ ಹೋಗುತ್ತದೆ. ಹೆಡಿಂಗ್ ಕೊಟ್ಟಿದ್ದರೆ ಪರಿವಿಡಿಯನ್ನೂ ವರ್ಡೇ ಮಾಡಿಕೊಡುತ್ತದೆ. ಅಡ್ಡ ಪುಟದ ಪಹಣಿ ಸೇರಿಸುವಾಗ ಮಾತ್ರ ಹಿಂದೆ ಮುಂದೆ ‘ಸೆಕ್ಷನ್ ಬ್ರೇಕ್’ ಹಾಕಬೇಕು, ಇಲ್ಲದಿದ್ದರೆ ಎಲ್ಲ ಪುಟಗಳೂ ಅಡ್ಡವಾಗುತ್ತವೆ. ತಿದ್ದುಪಡಿ ಏನಿದ್ದರೂ ಅಲ್ಲೇ. ‘ಫೈನಲ್ 2’ ಅನ್ನುವ ಹೆಸರೇ ನಮ್ಮಲ್ಲಿ ಈಗಿಲ್ಲ.

ಟೈಪ್ ಮಾಡುವುದು ಯೂನಿಕೋಡಿನಲ್ಲೇ. ಹಳೇ ನುಡಿ ಫಾಂಟಿನಲ್ಲಿ ಮಾಡಿಸಿದ ಅರ್ಜಿಯನ್ನು ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ಒಂದೇ ಫೈಲಿಗೆ ಅದರದ್ದೇ ಅಪಾಯಗಳಿವೆ. ಕೆಟ್ಟರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ. ಅದಕ್ಕೇ ರಾತ್ರಿ ಒಂದು ಪ್ರತಿಯನ್ನು ನಮ್ಮ ಮೇಲ್‌ಗೆ ಕಳಿಸಿಕೊಂಡು ಮಲಗುತ್ತೇವೆ. ಇನ್ನೊಂದು ಇದಕ್ಕಿಂತ ದೊಡ್ಡದು. ಯಾರಾದರೂ ಅರ್ಜಿ ಕೇಳಿದಾಗ ಇಡೀ ಫೈಲು ಕಳಿಸಿಬಿಟ್ಟರೆ ಅಣ್ಣತಮ್ಮಂದಿರ ಭಾಗದ ಪತ್ರ, ಆಧಾರ್ ಎಲ್ಲವೂ ಊರಿನ ಗ್ರೂಪಿಗೆ ಬಿದ್ದೀತು. ಬೇಕಾದ ಪುಟಗಳನ್ನಷ್ಟೇ ಪಿಡಿಎಫ್ ಮಾಡಿ ಕಳಿಸುತ್ತೇವೆ.

2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಹೇಳಿದರು. ಸ್ವಇಚ್ಛೆಯಿಂದ ಕೊಡುವವರ ಜಮೀನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು. ಅದೇ ರೈತರು ಆಮೇಲೊಮ್ಮೆ ಸಿಕ್ಕಾಗ, “ಇನ್ನು ಫೈಲು ಅಳಿಸಲಾ?” ಅಂತ ನಗುತ್ತಾ ಕೇಳಿದೆವು.

“ಹೊಲ ಇರೋಗಂಟ ಕಾಗ್ದಾನೂ ಇರ್ಬೇಕಪ್ಪಾ” ಅಂದರು. ಅವರು ನಗಲಿಲ್ಲ.

ನಿಮ್ಮ ಮನೆಯ ಪಹಣಿ, ನೋಟಿಸು, ಸ್ವೀಕೃತಿ ಎಲ್ಲೆಲ್ಲಿವೆ ಅಂತ ಇವತ್ತೇ ಒಮ್ಮೆ ನೋಡಿಕೊಳ್ಳಿ. ಫೈಲು ಎಷ್ಟೇ ಚೆನ್ನಾಗಿದ್ದರೂ ಸಹಿ, ಮೊಹರು ಇರುವುದು ಕಾಗದದ ಮೇಲೆ. ಅಸಲು ಟ್ರಂಕಿನಲ್ಲೇ ಇರಲಿ.