ಅಕಿಹಬರಾದ ಐದನೇ ಮಹಡಿಯಲ್ಲಿ ನನ್ನ ಕಿವಿ ಸೋತಿತು!

ಟೋಕಿಯೋಗೆ ಹೋದವರು ಫ್ಯೂಜಿ ಪರ್ವತದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರ್ತಾರೆ. ನಾನು ಹೊತ್ತು ತಂದದ್ದು ಒಂದು ಅವಮಾನ! ಅದೂ ಯಾರದು? ಇಪ್ಪತ್ತು ವರ್ಷದಿಂದ ಗೆಳೆಯರ ಮುಂದೆ "ನನ್ನ ಕಿವಿ ಸುಳ್ಳು ಹೇಳೋದಿಲ್ಲ ಕಣ್ರೋ" ಅಂತ ಮೆರೆದಿದ್ದೆನಲ್ಲ, ಆ ಕಿವಿಯದು.

2023ರ ನವೆಂಬರ್. ಕೆಲಸದ ಮೇಲೆ ಹೋಗಿದ್ದೆ. ತುಮಕೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ಹೊರಡುವ ಮುಂಚೆ ಒಂದೂವರೆ ಲಕ್ಷ ರೂಪಾಯಿ ನನ್ನ ಖಾತೆಗೆ ಹಾಕಿದ್ದ. ಚೀಟಿ ಎತ್ತಿದ ದುಡ್ಡು. "ನೀನು ಹೇಳ್ತಿದ್ದೆಯಲ್ಲ, ಬೆಣ್ಣೆ ಥರ ಹಾಡೋ ಡ್ಯಾಕ್... ಅದನ್ನೇ ತಗೊಂಡು ಬಾ. ಆರಿಸೋದು ನಿಂಗೇ ಬಿಟ್ಟಿದ್ದು." ಅವನಿಗೆ ಆ ಹುಚ್ಚು ಹಿಡಿಸಿದವನು ನಾನೇ. ಹೋದ ಎರಡು ವರ್ಷ ಭಾನುವಾರ ಭಾನುವಾರ ಅವನ ಅಂಗಡಿ ಜಗಲಿ ಮೇಲೆ ಕೂತು ಕೊರೆದಿದ್ದೆ.

ಡ್ಯಾಕ್ ಅಂದ್ರೇನು ಅಂತ ಕೇಳ್ತೀರಾ? ಸಿನಿಮಾ ರಸಿಕರಿಗೆ ಹೇಳೋದು ಸುಲಭ. ರೀಲಿನಲ್ಲಿ ಸೆಕೆಂಡಿಗೆ 24 ನಿಂತ ಚಿತ್ರ ಓಡಿದರೆ ನಮ್ಮ ಕಣ್ಣಿಗೆ ಹೀರೋ ಓಡಿದ ಹಾಗೆ ಕಾಣುತ್ತೆ. ಸಿ.ಡಿ.ಯಲ್ಲಿ ಹಾಡು ಸೆಕೆಂಡಿಗೆ 44,100 ಅಂಕಿಗಳಾಗಿ ಕೂತಿರುತ್ತೆ. ಒಂದೊಂದು ಅಂಕಿಯೂ 65,536 ಮೆಟ್ಟಿಲುಗಳಲ್ಲಿ ಯಾವುದೋ ಒಂದು. ಅಂಕಿಯನ್ನು ಕಿವಿ ಕೇಳೋಲ್ಲವಲ್ಲ, ಅದನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ಮಾಡಿ ಆಂಪ್ಲಿಫೈಯರಿಗೆ ಕೊಡುವ ಯಂತ್ರವೇ ಡ್ಯಾಕ್. ನಿಮ್ಮ ಜೇಬಿನ ಫೋನಿನ ಹೊಟ್ಟೆಯಲ್ಲೂ ಒಂದಿದೆ. ಇವತ್ತು ಥಿಯೇಟರಿನಲ್ಲಿ ಸಿನಿಮಾ ಬರೋದು ರೀಲಿನಲ್ಲಲ್ಲ, ಅಂಕಿಗಳಲ್ಲಿ. ಹೀರೋ ಗುಡುಗಿದಾಗ ನೀವು ಶಿಳ್ಳೆ ಹೊಡೀತೀರಲ್ಲ, ಆ ಗುಡುಗೂ ಇಂಥದೇ ಒಂದು ಯಂತ್ರ ದಾಟಿ ಬಂದದ್ದು. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಸಿನಿಮಾದಲ್ಲಿ ಚಿತ್ರ ಚಿತ್ರದ ನಡುವಿನ ಚಲನೆ ಕಳೆದೇ ಹೋಗಿರುತ್ತೆ, ಕಣ್ಣು ಮೋಸ ಹೋಗುತ್ತೆ. ಶಬ್ದದಲ್ಲಿ ಹಾಗಲ್ಲ. ನಮ್ಮ ಕಿವಿಗೆ ನಿಲುಕುವಷ್ಟು ಅಲೆ ಪೂರ್ತಿ ವಾಪಸ್ ಬರುತ್ತೆ, ಡ್ಯಾಕ್ ತನ್ನ ಕೆಲಸ ಸರಿಯಾಗಿ ಮಾಡಿದರೆ.

ಅಕಿಹಬರಾ ನಿಲ್ದಾಣದ 'ಎಲೆಕ್ಟ್ರಿಕ್ ಟೌನ್' ಬಾಗಿಲಿನಿಂದ ಹೊರಗೆ ಬಂದರೆ, ಅಬ್ಬಬ್ಬ! ಹತ್ತು ಅಂತಸ್ತು ಎತ್ತರದ ಕಾರ್ಟೂನು ಹುಡುಗಿಯರು, ಮಿಣಿಮಿಣಿ ಬೋರ್ಡು, ಪ್ರತಿ ಅಂಗಡಿಯಿಂದ ಒಂದೊಂದು ಹಾಡು. ನಮ್ಮ ಎಸ್.ಪಿ. ರೋಡನ್ನು ನಿಲ್ಲಿಸಿ ಅದಕ್ಕೆ ದೀಪಾವಳಿ ಹಚ್ಚಿದ ಹಾಗೆ. 1869ರಲ್ಲಿ ಈ ಜಾಗ ಬೆಂಕಿಗೆ ಬಲಿಯಾಗಿತ್ತಂತೆ. ಆಮೇಲೆ ಬೆಂಕಿ ಕಾಯುವ ದೇವರಿಗೆ ಗುಡಿ ಕಟ್ಟಿದರು, ಜನ ಅದನ್ನು ಅಕಿಬಾ ದೇವರು ಅಂದುಕೊಂಡರು, ಊರಿಗೆ ಆ ಹೆಸರೇ ನಿಂತಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪಕ್ಕದ ಎಲೆಕ್ಟ್ರಿಕಲ್ ಕಾಲೇಜಿನ ಹುಡುಗರು ಹೊಟ್ಟೆಪಾಡಿಗೆ ರೇಡಿಯೋ ಜೋಡಿಸಿ ಮಾರೋಕೆ ಶುರು ಮಾಡಿದರು. ವಾಲ್ವು, ತಂತಿ ಮಾರುವ ಬೀದಿ ಅಂಗಡಿಗಳು ಎದ್ದವು. 1949ರಲ್ಲಿ ಅಮೆರಿಕನ್ ಆಡಳಿತ ಬೀದಿ ವ್ಯಾಪಾರ ಎತ್ತಿಸಿದಾಗ ಅವರೆಲ್ಲ ರೈಲು ಸೇತುವೆ ಕೆಳಗೆ ನುಗ್ಗಿಕೊಂಡರು. ಅವುಗಳಲ್ಲಿ ಕೆಲವು ಇನ್ನೂ ಇವೆ! ಭುಜ ತಾಗುವಂಥ ಓಣಿ, ತಲೆ ಮೇಲೆ ರೈಲು ಗಡಗಡ, ಗೂಡಿನಂಥ ಅಂಗಡಿಯೊಳಗೆ ಅಜ್ಜಿಯೊಬ್ಬಳು ಸಾಸಿವೆ ಡಬ್ಬಿ ಜೋಡಿಸಿದ ಹಾಗೆ ರೆಸಿಸ್ಟರುಗಳನ್ನು ಜೋಡಿಸಿಕೊಂಡು ಕೂತಿದ್ದಳು. ನನಗೇನೋ ಅಲ್ಲೇ ದಿನ ಕಳೆಯೋಣ ಅನ್ನಿಸಿತು. ಆದರೆ ಗೆಳೆಯನ ದುಡ್ಡು ನೆನಪಾಯ್ತು.

ನಾನು ಹುಡುಕಿಕೊಂಡು ಹೋದದ್ದು ಹಿಂದಿನ ರಸ್ತೆಯ ಒಂದು ಅಂಗಡಿಗೆ. ಕೆಳಗಿನ ಮಹಡಿಯಲ್ಲಿ ಹೆಡ್‌ಫೋನು, ಮೇಲೆ ಹೋದಷ್ಟೂ ಬೆಲೆ ಏರುತ್ತೆ. ಐದನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದರೆ ಗುಡಿಯೊಳಗಿನ ಮೌನ. ಕಾರ್ಪೆಟ್ಟು, ಎರಡು ಸೋಫಾ, ಆಳೆತ್ತರದ ಸ್ಪೀಕರು. ಕೋಟು ಟೈ ಹಾಕಿದ ಹಿರಿಯರೊಬ್ಬರು ನಡು ಬಗ್ಗಿಸಿ ನಮಸ್ಕರಿಸಿದರು. ಅವರ ಇಂಗ್ಲಿಷು ನನ್ನ ಜಪಾನಿಯಷ್ಟೇ. ಆದರೆ ಫೋನಿನ ಅನುವಾದಕ ಇದೆಯಲ್ಲ!

ನನ್ನ ಹತ್ರ ಒಂದೇ ಹಾಡು. 'ಗೀತಾ' ಚಿತ್ರದ, ಬಾಲಸುಬ್ರಹ್ಮಣ್ಯಂ ಮತ್ತು ಜಾನಕಿ ಹಾಡಿದ ಯುಗಳಗೀತೆ. 1981ರದು, ಇಳಯರಾಜಾ ಸಂಗೀತ. ಹೇಗೂ ನಿದ್ದೆಯಲ್ಲೂ ಎಲ್ಲಿ ಪಿಟೀಲು ಏಳುತ್ತೆ ಎಲ್ಲಿ ಬೇಸ್ ಗಿಟಾರ್ ಇಳಿಯುತ್ತೆ ಅಂತ ಹೇಳಬಲ್ಲೆ. ಪರೀಕ್ಷೆಗೆ ಇದಕ್ಕಿಂತ ಬೇಕೇ?

ಹಿರಿಯರು ಮೂರು ಯಂತ್ರ ಜೋಡಿಸಿದರು. ಒಂದು ಜಪಾನಿನದೇ, ಕಬ್ಬಿಣದ ತಿಜೋರಿಯಷ್ಟು ಭಾರ, ಬೆಲೆ ಒಳ್ಳೇ ಕಾರಿನಷ್ಟು. ಎರಡನೆಯದು ಇಂಗ್ಲೆಂಡಿನದು, ಸಣ್ಣದು, ಮುಖದ ಮೇಲೆ ಗುಂಡು ಗಾಜು. ಈ ಇಂಗ್ಲಿಷರೂ ವಿಚಿತ್ರ ಜನ ನೋಡಿ. ಕೇಂಬ್ರಿಜ್‌ನ ಡಿಸಿಎಸ್ ಎಂಬ ಕಂಪನಿ 1987ರಲ್ಲಿ ಶುರುವಾದಾಗ ಮಾಡಿದ್ದು ಯುದ್ಧವಿಮಾನದ ರೇಡಾರಿನ ಕೆಲಸ, ಸಂಗೀತಕ್ಕೆ ಬಂದದ್ದು ಆಮೇಲೆ! ಮೂರನೆಯದು ಏಣಿ ಡ್ಯಾಕ್. ಗೆಳೆಯನ ಬಜೆಟ್ಟಿಗೆ ಸರಿಹೊಂದುವುದು ಅದೊಂದೇ. ಅದರೊಳಗೆ ಚಿಪ್ಪಿನ ಬದಲು ರೆಸಿಸ್ಟರುಗಳ ಏಣಿ, ಒಂದು ಬೆಲೆಯವು ಮತ್ತು ಅದರ ಎರಡರಷ್ಟು ಬೆಲೆಯವು. ಕೇಳೋಕೆ ಸರಳ, ಮಾಡೋದು ಕಷ್ಟ. ದೊಡ್ಡ ಮೆಟ್ಟಿಲಿನ ರೆಸಿಸ್ಟರು 65,536ರಲ್ಲಿ ಒಂದು ಪಾಲು ತಪ್ಪಿದರೂ ಚಿಕ್ಕ ಮೆಟ್ಟಿಲು ಮುಳುಗಿಹೋಗುತ್ತೆ. ಇವತ್ತಿನ ಬಹುಪಾಲು ಯಂತ್ರಗಳು ಏಣಿ ಬಿಟ್ಟು ಬೇರೆ ಉಪಾಯ ಹಿಡಿದಿವೆ. ಕೆಲವೇ ಮೆಟ್ಟಿಲುಗಳನ್ನು ಸೆಕೆಂಡಿಗೆ ಲಕ್ಷಾಂತರ ಸಲ ಹತ್ತಿಳಿದು, ಅದರಿಂದಾಗುವ ಗಲಾಟೆಯನ್ನೆಲ್ಲ ಕಿವಿಗೆ ಕೇಳದಷ್ಟು ಮೇಲಕ್ಕೆ ತಳ್ಳಿಬಿಡ್ತವೆ.

ಹಾಡು ಶುರುವಾಯ್ತು. ಮೊದಲನೇ ಯಂತ್ರದಲ್ಲಿ ಕೇಳಿದಾಗ ಅಶ್ವಥ್ ಸಂಭಾಷಣೆ ಹೇಳಿದ ಹಾಗಿತ್ತು. ತೂಕ, ಗಾಂಭೀರ್ಯ, ಒಂದಕ್ಷರ ಆತುರವಿಲ್ಲ. ಎರಡನೆಯದು ಸಾಕ್ಷಾತ್ ಶಂಕರ್ ನಾಗ್, ಚುರುಕು, ಕತ್ತರಿಸಿ ಇಟ್ಟ ಹಾಗೆ ಒಂದೊಂದು ತಾಳ. ಮೂರನೆಯದು... ಅನಂತನಾಗ್! ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿದ ಹಾಗೆ. ಅದೂ ಕೋಣೆ ತುಂಬ, ಬೆಚ್ಚಗೆ. "ಇದೇ ಬೆಣ್ಣೆ!" ಅಂತ ಕನ್ನಡದಲ್ಲೇ ಕೂಗಿಬಿಟ್ಟೆ. ಎರಡು ವರ್ಷ ಹೇಳಿದ್ದು ನಿಜವಾಯ್ತಲ್ಲ!

ಹಿರಿಯರು ಮುಗುಳ್ನಕ್ಕು ಡ್ರಾಯರಿನಿಂದ ಒಂದು ಮೀಟರು ತೆಗೆದರು. ಪರೀಕ್ಷೆ ಸ್ವರವೊಂದನ್ನು ಹಾಕಿ ಮೂರನ್ನೂ ಅಳೆದರು. ಮೊದಲ ಎರಡರಲ್ಲಿ 2 ವೋಲ್ಟು, ಏಣಿಯಲ್ಲಿ 2.5 ವೋಲ್ಟು. ಲೆಕ್ಕ ಹಾಕಿದರೆ ಸುಮಾರು 2 ಡೆಸಿಬೆಲ್ ಹೆಚ್ಚು ಜೋರು. ಗೆಳೆಯರೇ, ಇಲ್ಲಿ ಕಿವಿಯ ಒಂದು ಕಪಟ ಇದೆ. ಇಷ್ಟು ಚಿಕ್ಕ ವ್ಯತ್ಯಾಸವನ್ನು ಕಿವಿ 'ಜೋರು' ಅಂತ ಹೇಳೋದೇ ಇಲ್ಲ, 'ಚೆನ್ನಾಗಿದೆ' ಅಂತ ಹೇಳುತ್ತೆ! ತುಂಬು, ಬೆಚ್ಚನೆ, ಆಳ... ಎಲ್ಲ ಪದವೂ ಬರುತ್ತೆ, ಜೋರು ಅನ್ನೋದೊಂದು ಬಿಟ್ಟು.

ಮೂರರ ಮಟ್ಟವನ್ನೂ ಸಮ ಮಾಡಿ, ಯಂತ್ರಗಳ ಮೇಲೆ ಕಪ್ಪು ಬಟ್ಟೆ ಹೊದಿಸಿ, ಹಿರಿಯರು ನನ್ನ ಬೆನ್ನ ಹಿಂದೆ ಸ್ವಿಚ್ಚು ಹಿಡಿದು ನಿಂತರು. ಇಂಗ್ಲಿಷರದೋ ಏಣಿಯೋ ಹೇಳಬೇಕು. ಹತ್ತು ಸಲ. ಮೊದಲ ಎರಡಕ್ಕೆ ಧೈರ್ಯವಾಗಿ ಉತ್ತರ ಕೊಟ್ಟೆ. ಐದನೆಯದರ ಹೊತ್ತಿಗೆ ಬೆವರು. ಕೊನೆಗೆ ಎಣಿಸಿದರೆ ಐದು ಸರಿ, ಐದು ತಪ್ಪು. "ಇನ್ನೊಮ್ಮೆ" ಅಂದೆ. ಆರು ಸರಿ. ಕಣ್ಣು ಮುಚ್ಚಿಕೊಂಡು ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರ್ತಿತ್ತು! ಅಶ್ವಥ್, ಶಂಕರ್ ನಾಗ್, ಅನಂತನಾಗ್ ಎಲ್ಲರೂ ಬಟ್ಟೆ ಹೊದಿಸಿದ ಕೂಡಲೇ ಎಲ್ಲಿಗೋ ಹೋಗಿಬಿಟ್ಟಿದ್ದರು.

ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಹಿರಿಯರು ಏಣಿ ಯಂತ್ರದ ಒಂದು ಗುಂಡಿ ಒತ್ತಿ ಮೂರನೇ ಸುತ್ತು ಆಡಿಸಿದರು. ಈ ಸಲ ಹತ್ತಕ್ಕೆ ಒಂಬತ್ತು! ಕುಣಿಯೋ ಹಾಗಾಯ್ತು. ಏನು ಮಾಡಿದಿರಿ ಅಂದೆ. ಫಿಲ್ಟರು ತೆಗೆದೆ ಅಂದರು. ಏಣಿ ಭಕ್ತರು ಮೆಚ್ಚುವ ಹಳೇ ಪದ್ಧತಿ ಅದು. ಅಂಕಿ ಬಂದ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ಬಿಡೋದು, ನಡುವೆ ನಯಗೊಳಿಸೋದಿಲ್ಲ. ಹಾಗೆ ಮಾಡಿದಾಗ ತಾರ ಸ್ವರ ತಾನಾಗಿ ಸವೆಯುತ್ತೆ. 10,000 ಹರ್ಟ್ಸ್ ಹತ್ತಿರ ಮುಕ್ಕಾಲು ಡೆಸಿಬೆಲ್, 20,000ದ ಹತ್ತಿರ 3 ಡೆಸಿಬೆಲ್. ಗೆಜ್ಜೆಯ ಹೊಳಪು, ಪಿಟೀಲಿನ ಅಂಚು ಕೊಂಚ ಮಂಕಾಗುತ್ತೆ. ನಾನು ಎರಡು ವರ್ಷ ಜಗಲಿ ಮೇಲೆ ಕೂತು ಹೊಗಳಿದ ಬೆಣ್ಣೆ ಅದೇ!

ಅಂದರೆ ಡ್ಯಾಕಿಗೆ ಸ್ವಭಾವವೇ ಇಲ್ಲ ಅಂತಲ್ಲ. ಇದೆ. ಬೇಕು ಅಂತ ಇಟ್ಟರೆ ಇರುತ್ತೆ. ಫಿಲ್ಟರಿನಲ್ಲಿ, ಹೊರಬಾಗಿಲಿನ ವಾಲ್ವಿನಲ್ಲಿ, ವೋಲ್ಟಿನಲ್ಲಿ. ನನಗೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಮೀಟರಿನಲ್ಲಿ ಕಾಣೋ ವ್ಯತ್ಯಾಸಕ್ಕೆ ಆತ್ಮ, ಪ್ರಾಣ ಅಂತೆಲ್ಲ ಹೆಸರಿಟ್ಟು ಗೆಳೆಯನ ಚೀಟಿ ದುಡ್ಡಿಗೆ ಕೈ ಹಾಕಿದ್ದೆನಲ್ಲ ಅಂತ.

ಚಹಾ ಬಂತು. ಹಿರಿಯರು 1982ರ ಕಥೆ ತೆಗೆದರು. ಆ ವರ್ಷ ಅಕ್ಟೋಬರ್ 1ಕ್ಕೆ ಸೋನಿಯ ಮೊದಲ ಸಿ.ಡಿ. ಯಂತ್ರ 1,68,000 ಯೆನ್ನಿಗೆ ಬಂತು, ಆಗ ತಾನು ಹೊಸ ನೌಕರ ಅಂದರು. ಅದರೊಳಗೆ ಎಡಬಲ ಎರಡಕ್ಕೂ ಸೇರಿ ಇದ್ದದ್ದು ಒಂದೇ ಡ್ಯಾಕ್! ಒಬ್ಬನೇ ಸರ್ವರ್ ಎರಡು ಟೇಬಲ್ಲಿಗೆ ಓಡಾಡಿದ ಹಾಗೆ. ಒಂದು ಕಿವಿಗೆ ಸೆಕೆಂಡಿನ ಹತ್ತು ಲಕ್ಷದಲ್ಲಿ 11 ಭಾಗ ತಡವಾಗಿ ಬರ್ತಿತ್ತು. ಅತ್ತ ಹಾಲೆಂಡಿನ ಫಿಲಿಪ್ಸ್‌ನವರ ಹತ್ರ 14 ಬಿಟ್ಟಿನ ಡ್ಯಾಕ್ ಮಾತ್ರ ಇತ್ತು, ನಾಲ್ಕರಷ್ಟು ವೇಗದಲ್ಲಿ ಓಡಿಸಿ ಕೊರತೆ ತುಂಬಿಕೊಂಡರು. ಫಿಲಿಪ್ಸ್ ಸಿಹಿ, ಸೋನಿ ಖಾರ ಅಂತ ಜಗಳ ಅವತ್ತೇ ಶುರು.

ಇನ್ನೊಂದು ಮಾತು ನನಗೇ ನೆನಪಾಯ್ತು. ಜಪಾನಿನ ದಕ್ಷಿಣಕ್ಕೆ ನೊಬೆಯೊಕಾ ಊರಿನಲ್ಲಿ ಅಸಾಹಿ ಕಸೇಯಿಯವರ ಚಿಪ್ ಕಾರ್ಖಾನೆ ಇತ್ತು. 2020ರ ಅಕ್ಟೋಬರ್ 20ರಂದು ಬೆಂಕಿ ಬಿದ್ದು ಮೂರು ದಿನ ಉರಿಯಿತು. ಅವರ ಚಿಪ್ಪು 'ವೆಲ್ವೆಟ್', ಅಮೆರಿಕದ ಇ.ಎಸ್.ಎಸ್. ಚಿಪ್ಪು 'ಗಾಜು' ಅಂತ ಅಭಿಮಾನಿಗಳ ಪಂಗಡವೇ ಇತ್ತು, ಥೇಟು ನಮ್ಮ ಹೀರೋಗಳ ಅಭಿಮಾನಿ ಸಂಘಗಳ ಹಾಗೆ! ಚಿಪ್ಪು ಸಿಗದೆ ಎಷ್ಟೋ ಕಂಪನಿಗಳು ಇ.ಎಸ್.ಎಸ್.ಗೆ ಹಾರಿದವು. ಜರ್ಮನಿಯ ಆರ್.ಎಂ.ಇ. ತನ್ನ ಅದೇ ಡಬ್ಬಿಯೊಳಗೆ ಚಿಪ್ಪು ಬದಲಿಸಿ ಅದೇ ಹೆಸರಿನಲ್ಲಿ ಮಾರಿತು. ಹಿರಿಯರಿಗೆ ಇದನ್ನು ಹೇಳಿದೆ. ತಲೆಯಾಡಿಸಿ, ಅಮೆರಿಕದ ಬಾಸ್ಟನ್ನಿನಲ್ಲಿ ಇಬ್ಬರು ಮಾಡಿದ ಪ್ರಯೋಗವೊಂದನ್ನು ಫೋನಿನಲ್ಲಿ ತೋರಿಸಿದರು. 2007ರಲ್ಲಿ ಪ್ರಕಟವಾದದ್ದು. ದುಬಾರಿ ಡಿಸ್ಕಿನ ಶಬ್ದವನ್ನು ಸಿ.ಡಿ. ಗುಣಮಟ್ಟಕ್ಕೆ ಇಳಿಸಿ ಮತ್ತೆ ಅಲೆ ಮಾಡಿ ಕೇಳಿಸಿದರು, ಯಾವುದು ಮೂಲ ಹೇಳಿ ಅಂದರು. 554 ಸಲ ಕೇಳಿಸಿದ್ದಕ್ಕೆ 276 ಸಲ ಸರಿ ಉತ್ತರ. ನನ್ನ ನಾಣ್ಯಕ್ಕೆ ಜೊತೆ ಸಿಕ್ಕ ಹಾಗಾಯ್ತು, ಸಮಾಧಾನ ಮಾತ್ರ ಆಗಲಿಲ್ಲ.

ರಾತ್ರಿ ಹೋಟೆಲಿನಿಂದ ತುಮಕೂರಿಗೆ ಫೋನು. ಅಲ್ಲಿ ಇನ್ನೂ ಅಂಗಡಿ ಬಾಗಿಲು ಹಾಕೋ ಹೊತ್ತು. ಸುಳ್ಳು ಹೇಳಿ ಏಣಿ ಯಂತ್ರ ಕೊಂಡೊಯ್ಯೋಣ, ಅವನೂ ಖುಷಿ, ನನ್ನ ಮಾನವೂ ಉಳಿಯುತ್ತೆ ಅಂತ ಒಂದು ಗಳಿಗೆ ಮನಸ್ಸು ಹೇಳಿತು, ಯಾಕೆ ಮುಚ್ಚಿಡಲಿ. ಆದರೆ ಎಲ್ಲ ಹೇಳಿಬಿಟ್ಟೆ. ಐದು ಸರಿ ಐದು ತಪ್ಪು ಅನ್ನೋದೂ ಸೇರಿ. ಆ ಕಡೆ ಸದ್ದಿಲ್ಲ. ಆಮೇಲೆ, "ಅಂದ್ರೆ ಎರಡು ವರ್ಷ ನೀನು ಕೊರೆದಿದ್ದೆಲ್ಲ?"

"ಹೌದು ಕಣೋ."

"ಬೆಣ್ಣೆ ಬೇಕಾದ್ರೆ ಟ್ರೆಬಲ್ ಗುಂಡಿ ಒಂಚೂರು ತಿರುಗಿಸಿದ್ರೆ ಆಯ್ತಲ್ಲ?"

"ಸುಮಾರಾಗಿ... ಆಗುತ್ತೆ."

"ಮುಂಡೇಮಗನೇ!" ಅಂದ. ಬೈಗುಳವೋ ನಗುವೋ ಗೊತ್ತಾಗಲಿಲ್ಲ. ಸ್ಪೀಕರು ಸ್ಪೀಕರಿಗೆ ಎಷ್ಟು ವ್ಯತ್ಯಾಸ ಇರುತ್ತೆ ಅಂತ ಕೇಳಿದ. ಆಕಾಶ ಭೂಮಿಯಷ್ಟು, ಬಟ್ಟೆ ಹೊದಿಸಿದರೂ ಗೊತ್ತಾಗುತ್ತೆ ಅಂದೆ. ಹಾಗಿದ್ರೆ ದುಡ್ಡು ವಾಪಸ್ ತಾ, ಸ್ಪೀಕರು ಇಲ್ಲೇ ಕಣ್ಣಾರೆ ನೋಡಿ ಕೊಳ್ತೀನಿ, ಈ ಸಲ ನೀನು ಆರಿಸೋದು ಬೇಡ ಅಂದ.

ಮಾರನೇ ದಿನ ಅದೇ ಅಂಗಡಿಯ ಕೆಳಗಿನ ಮಹಡಿಯಲ್ಲಿ, 10,000 ಯೆನ್ ಒಳಗೆ, ಬೆರಳುದ್ದದ ಡ್ಯಾಕ್ ಒಂದು ಕೊಂಡೆ, ಫೋನಿನ ಬಾಲಕ್ಕೆ ಸಿಕ್ಕಿಸೋದು. ಐದನೇ ಮಹಡಿಯ ಹಿರಿಯರು ಇಳಿದು ಬಂದು ತಾವೇ ಕಾಗದ ಸುತ್ತಿ ಕಟ್ಟಿಕೊಟ್ಟರು. ತುಮಕೂರಿನಲ್ಲಿ ಅದೀಗ ಗೆಳೆಯನ ಅಂಗಡಿಯ ಹೊಸ ಸ್ಪೀಕರುಗಳಿಗೆ ಹಾಡು ಕೊಡ್ತಿದೆ. ಅವನ ಮಗಳು ಮೊದಲ ವಾರದಲ್ಲೇ ಅದನ್ನು ಪೆನ್‌ಡ್ರೈವ್ ಅಂದುಕೊಂಡು ಸ್ಕೂಲಿಗೆ ತಗೊಂಡು ಹೋಗಿದ್ದಳಂತೆ.