41ನೇ ಪುಟಕ್ಕೆ ಯಾರೂ ಸಹಿ ಹಾಕಲಿಲ್ಲ



ಇಲ್ಲಿ ಉದ್ದಕ್ಕೆ ಬರೆದು ತುಂಬಾ ದಿನ ಆಯ್ತು. ಕಾರಣ ಹೇಳಿದ್ರೆ ನಗ್ತೀರಿ. ಎರಡು ವರ್ಷದಿಂದ ನಾನು ನಮ್ಮ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಕಾರ್ಯದರ್ಶಿ! ಕಳೆದ ಭಾನುವಾರ ಪುಸ್ತಕ, ಬೀಗದ ಕೈ, ಚೆಕ್‌ಬುಕ್ ಎಲ್ಲಾ ಒಪ್ಪಿಸಿ ಬಂದೆ. ಅದಕ್ಕೇ ಈಗ ಬರೀತಿದ್ದೀನಿ.

ಬೆಂಗಳೂರಿನ ಹೊರವಲಯದಲ್ಲಿ 36 ಮನೆಗಳ ಕಟ್ಟಡ. ಬಾಡಿಗೆ ಮನೆ ಹುಡುಕುವಾಗ "ನೀವು ಯಾವ ಜನ?", "ವೆಜ್ಜಾ?" ಅನ್ನೋ ಪ್ರಶ್ನೆ ಕೇಳಿಸಿಕೊಂಡು ಸಾಕಾಗಿ, 20 ವರ್ಷದ ಸಾಲ ಮಾಡಿ ತಗೊಂಡ ಮನೆ ಇದು. ಸ್ವಂತ ಮನೆ ಆದ್ಮೇಲೆ ಆ ಪ್ರಶ್ನೆ ಯಾರೂ ಕೇಳಲ್ಲ ಅಂದ್ಕೊಂಡಿದ್ದೆ. ಬಾಯಲ್ಲಿ ಕೇಳಲಿಲ್ಲ, ನಿಜ. ಮೆಂಟೆನೆನ್ಸ್ ರಶೀದಿಗೆ ಬಂದವರು ಹಾಲ್‌ನಲ್ಲಿರೋ ಬಾಬಾಸಾಹೇಬರ ಫೋಟೋ ನೋಡಿ, ಕೆಲವರು ಬಾಗಿಲಲ್ಲೇ ನಿಂತರು, ಕೆಲವರು ಒಳಗೆ ಬಂದು ಕಾಫಿ ಕುಡಿದರು. ಲೆಕ್ಕ ಇಡೋದು ನನ್ನ ಕಸುಬು. ಅದರ ಲೆಕ್ಕವೂ ನನ್ನ ಹತ್ರ ಇದೆ.

ಕಾರ್ಯದರ್ಶಿ ಆಗಿದ್ದು ಹೋರಾಟದಿಂದೇನಲ್ಲ. ಯಾರಿಗೂ ಬೇಡದ ಕೆಲಸ ಅದು. "ನೀವು ಆಫೀಸಲ್ಲಿ ಫೈಲು ನೋಡ್ತೀರಲ್ಲ, ನಿಮಗೆ ಸುಲಭ" ಅಂತ ತಳ್ಳಿದರು. ಸುಲಭ ಏನಿರಲಿಲ್ಲ. ಮೆಂಟೆನೆನ್ಸ್ ಮನೆಗಿಷ್ಟು ಅಂತಲೋ, ಚದರಡಿಗಿಷ್ಟು ಅಂತಲೋ ಅನ್ನೋ ಒಂದೇ ಜಗಳ ಆರು ತಿಂಗಳು ನಡೀತು. ಬೋರ್‌ವೆಲ್ ಮೋಟಾರ್, ಲಿಫ್ಟು, ಪಾರ್ಕಿಂಗು, ನಾಯಿ... ಅಪಾರ್ಟ್‌ಮೆಂಟಲ್ಲಿ ಇರೋರಿಗೆ ಹೇಳಬೇಕಾಗಿಲ್ಲ. ಹೌಸ್‌ಕೀಪಿಂಗ್ ಅಕ್ಕ ಲಿಫ್ಟ್ ಹತ್ತಬಾರದು ಅಂತ ಯಾರೋ ಅಂಟಿಸಿದ್ದ ಚೀಟಿಯನ್ನ ಮೊದಲ ವಾರವೇ ಕಿತ್ತು ಹಾಕಿದೆ. ಯಾರು ಅಂಟಿಸಿದ್ದು ಅಂತ ಕೇಳ್ದೆ. ಯಾರೂ ಅಲ್ವಂತೆ.

ಹೇಳಬೇಕಾಗಿರೋದು ಸೆಪ್ಟಿಕ್ ಟ್ಯಾಂಕ್ ವಿಷಯ.

ನಮ್ಮ ಕಡೆ ಒಳಚರಂಡಿ ಲೈನ್ ಇನ್ನೂ ಬಂದಿಲ್ಲ. ಕಳೆದ ಮಳೆಗಾಲದಲ್ಲಿ ಟ್ಯಾಂಕ್ ತುಂಬಿ ನೆಲಮಹಡಿಯ ಬಚ್ಚಲಲ್ಲಿ ವಾಪಸ್ ಬರೋಕೆ ಶುರುವಾಯ್ತು. ಸಕ್ಕಿಂಗ್ ಮಷಿನ್ ಲಾರಿ ಕರೆಸಿದ್ವಿ. ಮೇಲಿನ ನೀರು ಎಳೆದ ಡ್ರೈವರ್, "ಕೆಳಗೆ ಕಲ್ಲಾಗಿದೆ ಸಾರ್, ಪೈಪ್ ಎಳೀತಿಲ್ಲ. ಒಬ್ಬನ್ನ ಇಳಿಸಿದ್ರೆ ಕೆರೆದು ಕೊಡ್ತಾನೆ" ಅಂದ. ಇಳಿಯೋನಿಗೆ 3,000 ರೂಪಾಯಿ. ನೀರಿನ ಜೆಟ್ ಇರೋ ದೊಡ್ಡ ಗಾಡಿ ತರಿಸಿದ್ರೆ 16,000, ಅದೂ ಎರಡು ದಿನ ಬಿಟ್ಟು.

ಸಂಜೆ ತುರ್ತು ಸಭೆ. ಯಾರೂ ಕೆಟ್ಟವರಲ್ಲ, ನೋಡಿ. ನನ್ನ ಮಗಳ ಜ್ವರಕ್ಕೆ ರಾತ್ರಿ ಕಾರು ತೆಗೆದವರೂ ಅಲ್ಲೇ ಕೂತಿದ್ರು. ಅವರೇ ಹೇಳಿದ್ದು: "ಅವರಿಗೆ ಅಭ್ಯಾಸ ಇರುತ್ತೆ ಬಿಡಿ."

ಈ "ಅವರಿಗೆ" ಅನ್ನೋ ಪದದಲ್ಲಿ ನನ್ನ ದೊಡ್ಡಪ್ಪ ಇದ್ದಾನೆ, ನಮ್ಮ ಕೇರಿ ಇದೆ. ಕೂಗಾಡಬಹುದಿತ್ತು. ಹತ್ತು ವರ್ಷದ ಹಿಂದಿನ ನಾನಾಗಿದ್ರೆ ಕೂಗಾಡ್ತಿದ್ದೆ. ಅವತ್ತು ನಡಾವಳಿ ಪುಸ್ತಕ ತೆಗೆದೆ. 41ನೇ ಪುಟ. ಆಫೀಸಲ್ಲಿ ಬರೆಯೋ ಹಾಗೇ ಠರಾವು ಬರೆದು ಓದಿದೆ:

"ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸಿ ಸ್ವಚ್ಛಗೊಳಿಸಲು ಸಭೆಯು ಒಪ್ಪಿದೆ. ರಕ್ಷಣಾ ಸಲಕರಣೆ ಇಲ್ಲದೆ ಹೀಗೆ ಮಾಡಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಅಪರಾಧವೆಂದೂ, ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದೆಂದೂ ಸದಸ್ಯರಿಗೆ ತಿಳಿಸಲಾಗಿದೆ. ಉಳಿತಾಯ: ರೂ. 13,000."

ಕೆಳಗೆ ಹೆಸರು ಬರೆದು ಗೆರೆ ಎಳೆದು ಪೆನ್ನು ಕೊಟ್ಟೆ. "ಸಹಿ ಮಾಡಿ, ಈಗಲೇ ಕರೆಸ್ತೀನಿ."

ಪೆನ್ನು ಹನ್ನೊಂದು ಜನರ ಕೈ ದಾಟಿ ವಾಪಸ್ ಬಂತು. ಒಬ್ಬರು ಕನ್ನಡಕ ತಂದಿಲ್ಲ ಅಂದ್ರು. ಒಬ್ಬರು "ಇದನ್ನೆಲ್ಲಾ ಯಾಕ್ರೀ ಬರೀಬೇಕು, ಬಾಯಲ್ಲಿ ಹೇಳಿದ್ರೆ ಸಾಲದಾ?" ಅಂದ್ರು. ಆ ಟ್ಯಾಂಕಲ್ಲಿ ಕಟ್ಟೋ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದ್ರೆ ಮೂಗಿಗೆ ವಾಸನೆಯೇ ಗೊತ್ತಾಗಲ್ಲ, ಮನುಷ್ಯ ಕೂಗೋಕೂ ಆಗದೆ ಬೀಳ್ತಾನೆ, ಎತ್ತೋಕೆ ಇಳಿದ ಎರಡನೆಯವನೂ ಬೀಳ್ತಾನೆ ಅಂತ ಹೇಳ್ದೆ. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ಹೇಳ್ದೆ. ಸಾವಿನ ಮಾತಿಗಿಂತ 30 ಲಕ್ಷದ ಮಾತೇ ಬೇಗ ಕೇಳಿಸ್ತು ಅನ್ನಿಸ್ತು. ಇರಲಿ. ಮನೆಗೆ 445 ರೂಪಾಯಿ ಹಾಕಿ ಜೆಟ್ ಗಾಡಿ ತರಿಸೋದು ಅಂತಾಯ್ತು. ಎರಡು ದಿನ ಎಲ್ಲರೂ ಬಕೆಟ್ ಲೆಕ್ಕ ಹಾಕಿ ನೀರು ಬಿಟ್ವಿ.

ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. ಮಾರನೇ ದಿನ ಬೆಳಿಗ್ಗೆ ಗೇಟ್ ಹತ್ರ ಒಬ್ಬ ಹುಡುಗ ನಿಂತಿದ್ದ, ಇಪ್ಪತ್ತೈದು ಇರಬಹುದು. ಡ್ರೈವರ್ ಹೇಳಿ ಕಳಿಸಿದ್ದನಂತೆ. ಕೆಲಸ ಇಲ್ಲ ಅಂದೆ, ಯಾಕೆ ಅಂತಾನೂ ಹೇಳ್ದೆ. ಅವನು ನನ್ನ ಮುಖ ನೋಡಿ, "ಅಣ್ಣಾ, ನೀವೂ ನಮ್ಮವರೇ ಅಂತೆ. ಮೂರು ಸಾವಿರ ತಪ್ಪಿಸಿದ್ರಲ್ಲಾ. ಇನ್ನೇನು ಕೆಲಸ ಕೊಡ್ತೀರಾ, ಹೇಳಿ" ಅಂದ.

ಸಭೆಯಲ್ಲಿ ಹನ್ನೊಂದು ಜನಕ್ಕೆ ಉತ್ತರ ಕೊಟ್ಟವನಿಗೆ ಅವನೊಬ್ಬನಿಗೆ ಕೊಡೋಕೆ ಆಗಲಿಲ್ಲ. ಜೆಟ್ ಗಾಡಿ ಬಂದ ದಿನ ಮೇಲೆ ನಿಂತು ಪೈಪ್ ಹಿಡಿಯೋಕೆ ಬೂಟು, ಗ್ಲೌಸು ಕೊಟ್ಟು ಅವನನ್ನೇ ಕರೆದೆ. 900 ರೂಪಾಯಿ, ವೋಚರ್ ಸಮೇತ. ಉಳಿದ 2,100 ಎಲ್ಲಿ ಅಂತ ಅವನು ಕೇಳಲಿಲ್ಲ. ನಾನು ಮಾತ್ರ ಕೇಳ್ಕೊಳ್ತಾನೇ ಇದ್ದೀನಿ. ಪುನರ್ವಸತಿ ಅಂತ ಅದೇ ಕಾಯ್ದೆಯಲ್ಲಿ ಬರೆದಿದೆ. ಅವನ ಹೆಸರು ಯಾವ ಸಮೀಕ್ಷೆ ಪಟ್ಟಿಯಲ್ಲೂ ಇಲ್ಲ ಅಂತ ಅವನೇ ಹೇಳ್ದ. ಅರ್ಜಿ ಬರೆದು ಕೊಟ್ಟಿದ್ದೀನಿ. ಸ್ವೀಕೃತಿ ಸಿಕ್ಕಿದೆ, ಉತ್ತರ ಬಂದಿಲ್ಲ. ಇದರಲ್ಲಿ ಅನುಭವ ಇರೋ ಗೆಳೆಯರು ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ.

ಈ ಸಲದ ಸರ್ವಸದಸ್ಯರ ಸಭೆಯಲ್ಲಿ ನನ್ನನ್ನ ಮತ್ತೆ ಆರಿಸಲಿಲ್ಲ. "ಎಲ್ಲದಕ್ಕೂ ಕಾನೂನು ಮಾತಾಡ್ತಾರೆ" ಅಂತ ದೂರಂತೆ. ಬೇಜಾರಿಲ್ಲ, ಭಾನುವಾರಗಳು ವಾಪಸ್ ಸಿಕ್ಕಿವೆ. ಒಪ್ಪಿಸುವಾಗ ಹಸ್ತಾಂತರ ಪಟ್ಟಿಯಲ್ಲಿ, ಕ್ರಮಸಂಖ್ಯೆ 7ರಲ್ಲಿ, "ನಡಾವಳಿ ಪುಸ್ತಕ ಒಂದು, 41ನೇ ಪುಟದಲ್ಲಿ ಸಹಿ ಇಲ್ಲದ ಠರಾವು ಇದೆ" ಅಂತ ಷರಾ ಬರೆದೆ. ಹೊಸ ಕಾರ್ಯದರ್ಶಿ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪಟ್ಟಿಗೆ ಸಹಿ ಹಾಕಿದ್ರು. ಒಂದು ಪ್ರತಿ ನನ್ನ ಹತ್ರ ಇದೆ. ಮುಂದಿನ ಮಳೆಗಾಲಕ್ಕೆ ಟ್ಯಾಂಕ್ ಮತ್ತೆ ತುಂಬುತ್ತೆ.