ಕಾಸು ಕೊಟ್ಟು ಕರೆಸಿದ ಅತಿಥಿ

ಸೆಪ್ಟೆಂಬರಿನ ಮೊದಲ ಸೋಮವಾರ ಅಮೆರಿಕದಲ್ಲಿ ಕಾರ್ಮಿಕರ ದಿನದ ರಜೆ. ಶನಿವಾರ ಭಾನುವಾರಗಳೂ ಸೇರಿ ಸಿಗುವ ಆ ಬಿಡುವು ಅಲ್ಲಿನ ಕನ್ನಡಿಗರಿಗೂ ಬೇಕಾದದ್ದೇ. ಶಿಕಾಗೊ, ನ್ಯೂಜೆರ್ಸಿ, ಅಟ್ಲಾಂಟಗಳಲ್ಲಿ 2008, 2010, 2012ರ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನಗಳು ನಡೆದದ್ದು ಇದೇ ರಜೆಯ ದಿನಗಳಲ್ಲಿ. ಅದೇ ಶನಿವಾರ ಆ ದೇಶದ ವಿಶ್ವವಿದ್ಯಾಲಯಗಳ ಊರೂರಿನಲ್ಲಿ ಕಾಲೇಜು ಫುಟ್‌ಬಾಲ್ ಋತು ತೆರೆದುಕೊಳ್ಳುತ್ತದೆ. ಬೆಳಗಿನಿಂದಲೇ ಕಾರುಗಳ ಹಿಂಬಾಗಿಲು ತೆರೆದು, ಒಲೆ ಹೂಡಿ, ಮಾಂಸ ಸುಡುತ್ತಾ, ತಂಡದ ಬಣ್ಣದ ಅಂಗಿ ತೊಟ್ಟ ಅಜ್ಜ ಮೊಮ್ಮಕ್ಕಳು ಮೈದಾನದ ಸುತ್ತ ನೆರೆಯುತ್ತಾರೆ. ತವರಿನ ಮೊದಲ ಪಂದ್ಯಕ್ಕೆ ಬರುವವರ ಮುಖದಲ್ಲಿ ಒಂದು ವಿಶೇಷ ಕಳೆ. ಆ ವರ್ಷ ಯಾರೂ ಇನ್ನೂ ಸೋತಿಲ್ಲ.

ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ ಈ ಸಡಗರ ಅತಿ ದೊಡ್ಡದು. ಅಲ್ಲಿನ ಕ್ರೀಡಾಂಗಣ ಹೊರಗಿನಿಂದ ನೋಡಿದರೆ ಅಷ್ಟು ಎತ್ತರವಿಲ್ಲ. ಅದರ ಬಹುಭಾಗ ನೆಲದೊಳಗಿದೆ. ಫೀಲ್ಡಿಂಗ್ ಯೋಸ್ಟ್ ಎಂಬ ಹಠವಾದಿ ಕ್ರೀಡಾ ನಿರ್ದೇಶಕ ಮಣ್ಣು ಅಗೆಸಿ ಬಟ್ಟಲಿನಾಕಾರದಲ್ಲಿ ಕಟ್ಟಿಸಿ 1927ರಲ್ಲಿ ತೆರೆದ ಮೈದಾನ ಅದು. ಜನ ಅದನ್ನು ‘ಬಿಗ್ ಹೌಸ್’ ಎನ್ನುತ್ತಾರೆ, ದೊಡ್ಡಮನೆ. 1975ರ ನವೆಂಬರ್‌ನಿಂದ ಈಚೆಗೆ, ಕೊರೊನಾ ವರ್ಷವೊಂದನ್ನು ಬಿಟ್ಟರೆ, ಅಲ್ಲಿನ ಪ್ರತಿ ಪಂದ್ಯಕ್ಕೂ ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದಾರೆ. ಅದರ ಆಸನಗಳ ಅಧಿಕೃತ ಸಂಖ್ಯೆ ಯಾವಾಗಲೂ ಒಂದರಲ್ಲೇ ಮುಗಿಯುತ್ತದೆ. ಆ ಒಂದು ಹೆಚ್ಚಿನ ಆಸನ ಹಳೆಯ ತರಬೇತುದಾರ ಫ್ರಿಟ್ಜ್ ಕ್ರಿಸ್ಲರ್‌ಗೆ ಸಲ್ಲಿಸಿದ ಗೌರವ. ಪಂದ್ಯಕ್ಕೆ ಮುಂಚೆ ವಾದ್ಯಮೇಳ ಸಾಲುಗಟ್ಟಿ ಬಂದು 1898ರಲ್ಲಿ ಲೂಯಿ ಎಲ್ಬೆಲ್ ಎಂಬ ವಿದ್ಯಾರ್ಥಿ ರಚಿಸಿದ ವಿಜಯಗೀತೆಯನ್ನು ನುಡಿಸುತ್ತದೆ. ಆಟಗಾರರು ಸುರಂಗದಿಂದ ಓಡಿಬಂದು, ಮೈದಾನದ ನಡುವೆ ಎತ್ತಿ ಹಿಡಿದ ಪತಾಕೆಯನ್ನು ಒಬ್ಬೊಬ್ಬರಾಗಿ ಹಾರಿ ಮುಟ್ಟುತ್ತಾರೆ. ಲಕ್ಷ ಕಂಠ ಒಟ್ಟಿಗೆ ಏಳುತ್ತದೆ.

ಇಷ್ಟು ದೊಡ್ಡ ದಿನಕ್ಕೆ ಎದುರಾಳಿ ಯಾರು? ಇಲ್ಲೇ ಈ ಆಟದ ಒಳಗುಟ್ಟಿದೆ. ನಮ್ಮ ಮೈಸೂರು ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಹಿರಿಯ ಪೈಲ್ವಾನರು ಸಮಬಲದವರನ್ನು ಹುಡುಕಿ ಕೈ ಕೂಡಿಸುತ್ತಾರೆ. ಇಲ್ಲಿ ನಡೆಯುವುದು ಅದಕ್ಕೆ ತೀರಾ ವಿರುದ್ಧ. ಬಲವಾದ ತಂಡ ತನ್ನ ಮೊದಲ ಪಂದ್ಯಕ್ಕೆ ತನಗಿಂತ ಸಣ್ಣ ಕಾಲೇಜನ್ನು ದುಡ್ಡು ಕೊಟ್ಟು ಕರೆಸಿಕೊಳ್ಳುತ್ತದೆ. ಮರುವರ್ಷ ನಿಮ್ಮೂರಿಗೆ ನಾವು ಬರುತ್ತೇವೆ ಎಂಬ ಮಾತಿಲ್ಲ, ಚೆಕ್ ಕೊಟ್ಟರೆ ಲೆಕ್ಕ ಮುಗಿಯಿತು. 2006ರಿಂದ ಋತುವಿಗೆ ಹನ್ನೆರಡು ಪಂದ್ಯಗಳು ಕಾಯಂ ಆದ ಮೇಲೆ ಇಂಥ ಅತಿಥಿಗಳಿಗೆ ಬೇಡಿಕೆ ಇನ್ನೂ ಏರಿತು. ತವರಿನಲ್ಲಿ ಒಂದು ಪಂದ್ಯ ಹೆಚ್ಚಾದರೆ ಲಕ್ಷ ಟಿಕೆಟ್ಟಿನ ಆದಾಯ ಹೆಚ್ಚು. ಬಂದವರಿಗೆ ಅದರಲ್ಲೊಂದು ಚೂರು. ಆ ಚೂರಿನಲ್ಲೇ ಸಣ್ಣ ಕಾಲೇಜುಗಳು ತಮ್ಮ ಈಜು, ಓಟ, ಕುಸ್ತಿ ತಂಡಗಳ ವರ್ಷದ ಖರ್ಚು ತೂಗಿಸುತ್ತವೆ. ಇದರಲ್ಲಿ ಮೋಸವೇನಿಲ್ಲ, ಎಲ್ಲವೂ ಬಹಿರಂಗ ಕರಾರು. ಆದರೂ ಸೋಲಲೆಂದೇ ಕರೆಸಿಕೊಂಡ ಹುಡುಗರ ಮನಸ್ಸಿನಲ್ಲಿ ಏನಿರುತ್ತದೆ ಎಂದು ಯಾರಾದರೂ ಕೇಳಬೇಕು.

2007ರ ಸೆಪ್ಟೆಂಬರ್ 1ರಂದು ಮಿಶಿಗನ್ ಕರೆಸಿಕೊಂಡದ್ದು ಅಪ್ಪಲೇಚಿಯನ್ ಸ್ಟೇಟ್ ತಂಡವನ್ನು. ಕೊಟ್ಟದ್ದು 4 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಒಂದೂವರೆ ಕೋಟಿ ರೂಪಾಯಿಗೂ ಮೇಲೆ. ನಾರ್ತ್ ಕೆರೊಲಿನದ ಬೆಟ್ಟಸೀಮೆಯಲ್ಲಿ, 3,333 ಅಡಿ ಎತ್ತರದಲ್ಲಿ, ಬೂನ್ ಎಂಬ ಪುಟ್ಟ ಊರಿದೆ. ಬೆಟ್ಟದ ಮಕ್ಕಳಿಗೆ ಮೇಷ್ಟರುಗಳನ್ನು ತಯಾರು ಮಾಡಬೇಕೆಂದು ಡಾಹರ್ಟಿ ಸೋದರರು 1899ರಲ್ಲಿ ಅಲ್ಲಿ ಶಾಲೆ ತೆರೆದರು. ಅದೇ ಬೆಳೆದು ವಿಶ್ವವಿದ್ಯಾಲಯವಾಯಿತು. ಅದರ ಫುಟ್‌ಬಾಲ್ ತಂಡ ಆಗ ಎರಡನೇ ಸ್ತರದ್ದು. ಮೇಲಿನ ಸ್ತರದ ತಂಡ 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಾಗಿದ್ದರೆ ಈ ಸ್ತರಕ್ಕೆ ಮಿತಿ 63 ಇತ್ತು. ಆ ಸ್ತರದಲ್ಲಿ ಮಾತ್ರ ಅಪ್ಪಲೇಚಿಯನ್ ಹುಡುಗರು ಸತತ ಎರಡು ವರ್ಷ, 2005 ಮತ್ತು 2006ರಲ್ಲಿ, ಚಾಂಪಿಯನ್ನರು. ಅವರ ಗುರು ಜೆರಿ ಮೂರ್‌ಗೆ ಆಗಲೇ ಅರವತ್ತೆಂಟು ವರ್ಷ.

ಮಿಶಿಗನ್ ದೇಶಕ್ಕೆ ಐದನೇ ಸ್ಥಾನದಲ್ಲಿತ್ತು. ಕ್ವಾರ್ಟರ್‌ಬ್ಯಾಕ್ ಚಾಡ್ ಹೆನಿ, ಓಟಗಾರ ಮೈಕ್ ಹಾರ್ಟ್, ಮುಂದಿನ ವರ್ಷ ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಹೆಸರು ಕರೆಸಿಕೊಂಡ ಜೇಕ್ ಲಾಂಗ್, ಇವರೆಲ್ಲ ಅಲ್ಲಿದ್ದರು. ಪಂದ್ಯವನ್ನು ತೋರಿಸಿದ ಬಿಗ್ ಟೆನ್ ಚಾನೆಲ್ ಹುಟ್ಟಿ ಎರಡು ದಿನವಾಗಿತ್ತಷ್ಟೆ. ಅನೇಕ ಕೇಬಲ್ ಕಂಪನಿಗಳ ಜೊತೆ ಒಪ್ಪಂದವೂ ಆಗಿರಲಿಲ್ಲ. ಹೀಗಾಗಿ ಆ ಆಟ ದೇಶದ ಎಷ್ಟೋ ಮನೆಗಳಿಗೆ ಮುಟ್ಟಲೇ ಇಲ್ಲ. ಮೈದಾನದಲ್ಲಿದ್ದ 1,09,218 ಮಂದಿ ಮಾತ್ರ ಕಣ್ಣಾರೆ ಕಂಡರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನದ ಉದ್ದ ನೂರು ಗಜ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುನ್ನುಗ್ಗಲು ನಾಲ್ಕು ಅವಕಾಶ. ನುಗ್ಗಿದರೆ ಮತ್ತೆ ನಾಲ್ಕು. ಎದುರಾಳಿಯ ಅಂಚು ದಾಟಿದರೆ ಟಚ್‌ಡೌನ್, ಆರು ಅಂಕ. ಅದರ ಬೆನ್ನಿಗೇ ಒದ್ದು ಒಂದು ಅಂಕ ಗಳಿಸಬಹುದು. ಧೈರ್ಯವಿದ್ದರೆ ಒದೆಯುವುದನ್ನು ಬಿಟ್ಟು ಓಡಿಯೋ ಎಸೆದೋ ಎರಡಕ್ಕೆ ಕೈಹಾಕಬಹುದು. ಅಂಚು ದಾಟಲಾಗದಿದ್ದರೆ ದೂರದಿಂದ ಕಂಬಗಳ ನಡುವೆ ಒದ್ದು ಮೂರು ಅಂಕ. ಆ ಮಧ್ಯಾಹ್ನ ಈ ಒಂದು, ಎರಡು, ಮೂರುಗಳೇ ಎಲ್ಲವನ್ನೂ ತೀರ್ಮಾನಿಸಿದವು.

ಮೊದಲ ಟಚ್‌ಡೌನ್ ಹಾರ್ಟ್‌ನದು. 7–0. ಎಲ್ಲ ಅಂದುಕೊಂಡಂತೆ ಸಾಗುತ್ತಿದೆ ಎನ್ನುವಷ್ಟರಲ್ಲಿ ಅಪ್ಪಲೇಚಿಯನ್‌ನ ಡೆಕ್ಸ್‌ಟರ್ ಜಾಕ್ಸನ್ ಮೈದಾನದ ನಡುವೆ ಚೆಂಡು ಹಿಡಿದು ಓಡತೊಡಗಿದ. 68 ಗಜದ ಆ ಆಟಕ್ಕೆ ಯಾರ ಕೈಯೂ ಅಡ್ಡ ಬರಲಿಲ್ಲ. ಎಸೆದವನು ಆರ್ಮಾಂಟಿ ಎಡ್ವರ್ಡ್ಸ್, ತೆಳ್ಳನೆಯ ಎರಡನೇ ವರ್ಷದ ಹುಡುಗ. ಮಿಶಿಗನ್‌ನ ಭಾರಿ ಆಳುಗಳು ಅವನನ್ನು ಹಿಡಿಯಲು ನುಗ್ಗುತ್ತಿದ್ದರು; ಅವರು ಬಂದ ಜಾಗದಲ್ಲಿ ಅವನಿರುತ್ತಿರಲಿಲ್ಲ. ಅಪ್ಪಲೇಚಿಯನ್ ಆಟಗಾರರು ಅಗಲವಾಗಿ ಹರಡಿ ನಿಂತು, ಒಂದು ಆಟ ಮುಗಿದು ಇನ್ನೊಂದಕ್ಕೆ ಎದುರಾಳಿ ಉಸಿರು ಎಳೆದುಕೊಳ್ಳುವುದರೊಳಗೆ ಮತ್ತೆ ಸಜ್ಜಾಗುತ್ತಿದ್ದರು. ಗಾತ್ರಕ್ಕೆ ಗಾತ್ರ ಕೊಡಲಾಗದವರು ವೇಗಕ್ಕೆ ಮೊರೆಹೋಗಿದ್ದರು. ಅರ್ಧ ಆಟ ಮುಗಿದಾಗ ಫಲಕದಲ್ಲಿ ಅತಿಥಿಗಳಿಗೆ 28, ಮನೆಯವರಿಗೆ 17.

ಮಿಶಿಗನ್ ಹಾಗೆ ಸುಮ್ಮನೆ ಬಿಡುವ ತಂಡವಲ್ಲ. ತೊಡೆಗೆ ಪೆಟ್ಟು ಬಿದ್ದು ಕೆಲಹೊತ್ತು ಹೊರಗೆ ಕುಳಿತಿದ್ದ ಹಾರ್ಟ್ ಮರಳಿ ಬಂದ. ಅವನು ಅಂದು ಓಡಿದ್ದು 188 ಗಜ. ಸೋತ ತಂಡದ ಆಟಗಾರನೆಂಬ ಕಾರಣಕ್ಕೆ ಅವನ ಆ ಆಟ ಮರೆವಿಗೆ ಸರಿದದ್ದು ಅನ್ಯಾಯ. ಮೂರನೇ ಕಾಲುಭಾಗದಲ್ಲಿ ಅವನು ಅಂಚು ದಾಟಿ ಅಂತರವನ್ನು 31–26ಕ್ಕೆ ಇಳಿಸಿದ. ಮಿಶಿಗನ್ ಒಂದಂಕದ ಒದೆತ ಬಿಟ್ಟು ಎರಡಕ್ಕೆ ಪ್ರಯತ್ನಿಸಿತು, ದಕ್ಕಲಿಲ್ಲ. ಕೊನೆಯ ಐದು ನಿಮಿಷ ಇರುವಾಗ ಹಾರ್ಟ್ ಒಂದು ಕಡೆ ಓಡಲು ಹೊರಟು, ದಾರಿ ಕಟ್ಟಿದ್ದು ಕಂಡು ಇನ್ನೊಂದು ಕಡೆ ತಿರುಗಿ, 54 ಗಜ ಓಡಿ ಮತ್ತೆ ಅಂಚು ಮುಟ್ಟಿದ. 32–31. ದೊಡ್ಡಮನೆ ಅದುರಿತು. ಮತ್ತೆ ಎರಡಕ್ಕೆ ಪ್ರಯತ್ನ, ಮತ್ತೆ ಸೋಲು. ಎರಡು ಸಲವೂ ನೆಟ್ಟಗೆ ಒದ್ದು ಒಂದೊಂದೇ ಅಂಕ ಪಡೆದಿದ್ದರೆ ಮಿಶಿಗನ್ ಬಳಿ 34 ಇರುತ್ತಿತ್ತು. ಆದರೆ ಆ ಗಳಿಗೆಯಲ್ಲಿ ತರಬೇತುದಾರ ಲಾಯ್ಡ್ ಕಾರ್ ತೆಗೆದುಕೊಂಡ ತೀರ್ಮಾನ ತಪ್ಪು ಎನ್ನಲಾಗದು. ಮೂರಂಕದ ಮುನ್ನಡೆ ಸಿಕ್ಕಿದ್ದರೆ ಎದುರಾಳಿಯ ಒಂದೇ ಒದೆತಕ್ಕೆ ಪಂದ್ಯ ಕೈಬಿಡುತ್ತಿರಲಿಲ್ಲ.

ಎಡ್ವರ್ಡ್ಸ್ ಎಸೆದ ಚೆಂಡು ಮಿಶಿಗನ್ ಪಾಲಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಮೂರು ಅಂಕಕ್ಕೆ ಮಿಶಿಗನ್ ಒದ್ದ ಚೆಂಡನ್ನು ಅತಿಥಿಗಳು ಕೈಚಾಚಿ ತಡೆದರು. ಉಳಿದದ್ದು ಒಂದೂವರೆ ನಿಮಿಷ ಚಿಲ್ಲರೆ, ವಿರಾಮ ಕೇಳುವ ಹಕ್ಕು ಒಂದೂ ಇಲ್ಲ. ಎಡ್ವರ್ಡ್ಸ್ ಗಡಿಬಿಡಿಯಿಲ್ಲದೆ ತಂಡವನ್ನು 69 ಗಜ ನಡೆಸಿಕೊಂಡು ಹೋದ. 26 ಸೆಕೆಂಡು ಇರುವಾಗ ಜೂಲಿಯನ್ ರಾಚ್ 24 ಗಜದಿಂದ ಒದ್ದ. 34–32. ಇನ್ನೂ ಮುಗಿಯಲಿಲ್ಲ. ಹೆನಿ ಮೇಲಕ್ಕೆಸೆದ ಚೆಂಡನ್ನು ಮಾರಿಯೊ ಮ್ಯಾನಿಂಗಮ್ 46 ಗಜ ಆಚೆ ಹಿಡಿದುಬಿಟ್ಟ. ಆರು ಸೆಕೆಂಡು. 37 ಗಜದ ಒದೆತ. ಇದಕ್ಕಿಂತ ಕಷ್ಟದ್ದನ್ನು ಕಾಲೇಜು ಹುಡುಗರು ವಾರವಾರವೂ ಒದೆಯುತ್ತಾರೆ. ಅಪ್ಪಲೇಚಿಯನ್‌ನ ಕೋರಿ ಲಿಂಚ್ ಸಾಲಿನ ಬದಿಯಿಂದ ನುಗ್ಗಿ ತಡೆದ. ತಡೆದ ಚೆಂಡನ್ನೇ ಬಾಚಿಕೊಂಡು ಖಾಲಿ ಮೈದಾನದಲ್ಲಿ ಓಡುತ್ತಾ ಹೋದ, ಗಡಿಯಾರ ಸೊನ್ನೆಗೆ ಬಂದ ಮೇಲೂ.

ಬೂನ್‌ನಲ್ಲಿ ವಿದ್ಯಾರ್ಥಿಗಳು ತಮ್ಮದೇ ಖಾಲಿ ಮೈದಾನಕ್ಕೆ ನುಗ್ಗಿ ಗೋಲು ಕಂಬ ಕಿತ್ತು, ಹೆಗಲ ಮೇಲೆ ಹೊತ್ತು, ಕುಲಪತಿಯ ಮನೆಯಂಗಳಕ್ಕೆ ಒಯ್ದರು. ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆ ಅವರನ್ನು ಮುಖಪುಟಕ್ಕೆ ಹಾಕಿತು. ಅಸೋಸಿಯೇಟೆಡ್ ಪ್ರೆಸ್ ಅದೇ ವಾರ ತನ್ನ ಶ್ರೇಯಾಂಕದ ನಿಯಮವನ್ನೇ ಬದಲಿಸಿ, ಕೆಳಸ್ತರದ ತಂಡಗಳಿಗೂ ಮತ ಹಾಕಬಹುದೆಂದಿತು. ಮಿಶಿಗನ್ ಮುಂದಿನ ವಾರ ಆರೆಗಾನ್ ಎದುರು ತವರಿನಲ್ಲೇ 39–7ರಿಂದ ಸೋತಿತು. ಆಮೇಲೆ ಸಾವರಿಸಿಕೊಂಡು, ಋತುವಿನ ಕೊನೆಗೆ ಫ್ಲಾರಿಡ ತಂಡವನ್ನು 41–35ರಿಂದ ಸೋಲಿಸಿ ನಿವೃತ್ತನಾಗುತ್ತಿದ್ದ ಕಾರ್‌ನನ್ನು ಬೀಳ್ಕೊಟ್ಟಿತು. ಅಪ್ಪಲೇಚಿಯನ್ ಮೂರನೇ ಸಲ ತನ್ನ ಸ್ತರದ ಚಾಂಪಿಯನ್ ಆಯಿತು.

ಈ ಕಥೆ ಎಷ್ಟು ಅಪರೂಪ ಎಂದು ತಿಳಿಯಲು 2012ರ ಅದೇ ಸೆಪ್ಟೆಂಬರ್ 1ನ್ನು ನೋಡಬೇಕು. ಕರಿಯರ ಶಿಕ್ಷಣಕ್ಕೆಂದು ಹುಟ್ಟಿದ ಜಾರ್ಜಿಯದ ಸವಾನಾ ಸ್ಟೇಟ್, ಒಕ್ಲಹೋಮ ಸ್ಟೇಟ್‌ನ ಮೊದಲ ಪಂದ್ಯಕ್ಕೆ ಅತಿಥಿಯಾಗಿ ಹೋಗಿ 84–0ಯಿಂದ ಸೋತಿತು. ಮರುವಾರ ಫ್ಲಾರಿಡ ಸ್ಟೇಟ್ ಎದುರು 55–0 ಇದ್ದಾಗ ಮಿಂಚು ಗುಡುಗಿಗೆ ಆಟ ನಿಂತಿತು. ಎರಡೂ ಕಡೆಯಿಂದ ಬಂದ ಹಣ 8 ಲಕ್ಷ 60 ಸಾವಿರ ಡಾಲರ್. ಆ ಹುಡುಗರು ಬೆನ್ನು ತೋರಿಸಲಿಲ್ಲ, ಕೊನೆಯವರೆಗೂ ಆಡಿದರು. ಅವರನ್ನು ಅಂಥ ಲೆಕ್ಕಕ್ಕೆ ಒಡ್ಡಿದ ದೊಡ್ಡವರ ವ್ಯವಹಾರ ಮಾತ್ರ ಒಪ್ಪುವಂಥದ್ದಲ್ಲ. ಎಂಬತ್ತು ಅಂಕದ ಅಂತರದಲ್ಲಿ ಆತಿಥೇಯನ ಪ್ರೇಕ್ಷಕನಿಗೂ ನೋಡಲು ಏನೂ ಉಳಿದಿರುವುದಿಲ್ಲ.

ಅತಿಥಿ ಗೆದ್ದ ದಿನಗಳೂ ಇವೆ. 2017ರಲ್ಲಿ 6 ಲಕ್ಷ ಡಾಲರ್ ಪಡೆದು ಲಾಸ್ ವೇಗಾಸ್‌ಗೆ ಹೋದ ಹೊವರ್ಡ್ ವಿಶ್ವವಿದ್ಯಾಲಯ, 45 ಅಂಕಗಳಿಂದ ಸೋಲುತ್ತದೆಂದು ಬಾಜಿಗಾರರು ಹೇಳಿದ್ದರೂ 43–40ರಿಂದ ಗೆದ್ದು ಬಂತು. 2024ರಲ್ಲಿ ನಾಟರ್ ಡೇಮ್‌ನ ತವರಿನ ಮೊದಲ ಪಂದ್ಯಕ್ಕೆ 14 ಲಕ್ಷ ಡಾಲರ್‌ಗೆ ಬಂದ ನಾರ್ದರ್ನ್ ಇಲಿನಾಯ್ 16–14ರಿಂದ ಗೆದ್ದಿತು. ಅಷ್ಟೇಕೆ, ಮಿಶಿಗನ್‌ನ ಆ ದೊಡ್ಡಮನೆ ಕಟ್ಟಿ ಎರಡನೇ ವರ್ಷ, 1928ರಲ್ಲಿ, ಋತುವಿನ ಮೊದಲ ಪಂದ್ಯಕ್ಕೆ ಬಂದ ಒಹಾಯೊ ವೆಸ್ಲಿಯನ್ ಎಂಬ ಸಣ್ಣ ಕಾಲೇಜು 17–7ರಿಂದ ಗೆದ್ದು ಹೋಗಿತ್ತು.

ಅಪ್ಪಲೇಚಿಯನ್ 2014ರಲ್ಲಿ ಮೇಲಿನ ಸ್ತರಕ್ಕೆ ಏರಿ, ಅದೇ ವರ್ಷ ಮತ್ತೆ ಮಿಶಿಗನ್‌ನ ಮೊದಲ ಪಂದ್ಯಕ್ಕೆ ಬಂತು. ಈ ಸಲ 52–14ರಿಂದ ಸೋತಿತು. ಆದರೆ 2022ರ ಸೆಪ್ಟೆಂಬರ್ 3ರಂದು ಆತಿಥೇಯನ ಜಾಗದಲ್ಲಿ ನಿಂತದ್ದು ಬೂನ್. ರಾಜ್ಯದ ಹಿರಿಯ ವಿಶ್ವವಿದ್ಯಾಲಯ ನಾರ್ತ್ ಕೆರೊಲಿನ ತಾನೇ ಬೆಟ್ಟ ಹತ್ತಿ ಬಂದಿತ್ತು. ಪುಟ್ಟ ಮೈದಾನದಲ್ಲಿ ನಲವತ್ತು ಸಾವಿರ ಮಂದಿ ಕಿಕ್ಕಿರಿದರು. ಕೊನೆಯ ಕಾಲುಭಾಗ ಒಂದರಲ್ಲೇ ಅಪ್ಪಲೇಚಿಯನ್ 40 ಅಂಕ ಬಾಚಿತು. 31 ಸೆಕೆಂಡು ಇರುವಾಗ 56–55. ಒದ್ದು ಸಮ ಮಾಡಿಕೊಳ್ಳದೆ ಗೆಲುವಿಗೇ ಎರಡಕ್ಕೆ ಕೈಹಾಕಿತು, ತಪ್ಪಿತು. ನಾರ್ತ್ ಕೆರೊಲಿನ ಮರುಕ್ಷಣ ಅಂಚು ದಾಟಿತು. 9 ಸೆಕೆಂಡು ಇರುವಾಗ ಅಪ್ಪಲೇಚಿಯನ್ ಮತ್ತೆ ಅಂಚು ದಾಟಿ 63–61ಕ್ಕೆ ತಂದಿತು. ಮತ್ತೆ ಎರಡಕ್ಕೆ ಪ್ರಯತ್ನ, ಮತ್ತೆ ತಪ್ಪಿತು. ಒಂದೇ ಆಟದಲ್ಲಿ ಎರಡು ಸಲ ಎರಡಂಕ ಕೈತಪ್ಪಿ ಎರಡಂಕದಿಂದ ಸೋಲುವ ಸಂಕಟ ಈ ಸಲ ಅವರ ಪಾಲಿಗೆ ಬಂದಿತ್ತು.

ಏಳು ದಿನ ಕಳೆದು ಅದೇ ತಂಡ 15 ಲಕ್ಷ ಡಾಲರ್‌ಗೆ ಟೆಕ್ಸಸ್‌ಗೆ ಅತಿಥಿಯಾಗಿ ಹೋಯಿತು. ದೇಶಕ್ಕೆ ಆರನೇ ಸ್ಥಾನದಲ್ಲಿದ್ದ ಟೆಕ್ಸಸ್ ಎ ಆ್ಯಂಡ್ ಎಮ್ ತಂಡವನ್ನು 17–14ರಿಂದ ಸೋಲಿಸಿತು. ಬೂನ್‌ನ ಕಿಂಗ್ ಬೀದಿ ಆ ಸಂಜೆ ವಿದ್ಯಾರ್ಥಿಗಳಿಂದ ತುಂಬಿ ಹರಿಯಿತು. ಕೂಗುತ್ತಾ ಬಂದ ಹುಡುಗ ಹುಡುಗಿಯರು ಕಾಲೇಜು ಆವರಣದ ಬಾತುಕೋಳಿ ಕೊಳಕ್ಕೆ ಬಟ್ಟೆ ಸಮೇತ ಧುಮುಕಿದರು.